ಕಣ್ಣಿನ ಗೋಡೆ ಎಷ್ಟು ಬಿಗಿ?

(ರೋಗಿಗಳ ಹಾಗೂ ಅವರ ಮನೆಯವರ ತಿಳುವಳಿಕೆಗಾಗಿ)

ನೇತ್ರ ವಿಭಾಗದಲ್ಲಿ ಗದ್ದ ಊರಿ ಕುಳಿತಾಗ ಕಣ್ಣಿಗೆ ‘ಟಪ್’ ಎಂದು ಗಾಳಿ ಬಡಿಯುವ ಪರೀಕ್ಷೆ ನಿಮಗೂ ಆಗಿರಬಹುದು. ಮೊದಲ ಸಲ ಎಲ್ಲರೂ ಬೆಚ್ಚಿ ಹಿಂದೆ ಸರಿಯುತ್ತಾರೆ. ಎರಡನೆಯ ಸಲ ಗಾಳಿ ಬರುವ ಮೊದಲೇ ಕಣ್ಣು ಮುಚ್ಚುತ್ತಾರೆ. ಆಮೇಲೆ ಕೇಳುತ್ತಾರೆ: “ಕಣ್ಣಾಗ ಗಾಳಿ ಯಾಕ ಊದ್ತೀರಿ ಸರ? ದೃಷ್ಟಿಗೆ ಏನೂ ಆಗೂದಿಲ್ಲಲ್ರಿ?” ಹೊರಗೆ ಸಾಲಿನಲ್ಲಿ ಇನ್ನೂ ನಲವತ್ತು ಮಂದಿ ಕಾಯುತ್ತಿರುವಾಗ ನಮ್ಮ ಬಾಯಿಂದ ಬರುವ ಉತ್ತರ ಒಂದೇ: “ಏನೂ ಆಗೂದಿಲ್ರಿ, ಕಣ್ಣಿನ ಬಿ.ಪಿ. ನೋಡಾಕತ್ತೀವಿ.”

ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಯಂತ್ರ ತೋರಿಸುವ ಅಂಕಿಯಲ್ಲಿ ಎರಡು ಸಂಗತಿ ಬೆರೆತಿರುತ್ತವೆ. ಒಂದು, ಕಣ್ಣಿನ ಒಳಗಿರುವ ದ್ರವದ ಒತ್ತಡ. ಇನ್ನೊಂದು, ಆ ದ್ರವವನ್ನು ಹಿಡಿದಿಟ್ಟಿರುವ ಹೊರಗೋಡೆಯ ಬಿಗುವು. ಎರಡನೆಯದರ ಬಗ್ಗೆ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೆಲವರ ದೃಷ್ಟಿಯೇ ಹೋಗುತ್ತದೆ. ಅಂಥವರಲ್ಲಿ ಹೆಚ್ಚಿನವರು ಮುದುಕರಲ್ಲ, ಶಾಲೆ ಕಾಲೇಜಿಗೆ ಹೋಗುವ ಮಕ್ಕಳು ಎಂಬ ಕಾರಣಕ್ಕೆ ಈ ನಾಲ್ಕು ಪುಟಗಳನ್ನು ಬರೆಯಬೇಕಾಯಿತು.

ಗೋಡೆ ಎಂದರೆ ಯಾವುದು?

ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಅಡ್ಡಳತೆಯ ಒಂದು ಗುಂಡು. ಅದರ ಹೊರಗೋಡೆಯಲ್ಲಿ ಎರಡು ಭಾಗ. ಬೆಳ್ಳಗೆ ಕಾಣುವ ಭಾಗಕ್ಕೆ ಸ್ಕ್ಲೀರಾ ಎನ್ನುತ್ತೇವೆ. ಜನ ಬಿಳಿಗುಡ್ಡೆ ಎನ್ನುತ್ತಾರೆ. ಮುಂದುಗಡೆ ಕರಿಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಭಾಗಕ್ಕೆ ಕಾರ್ನಿಯಾ ಎಂದು ಹೆಸರು. ಇದನ್ನು ಮೋತಿಬಿಂದುವಿನ ಪೊರೆಯೊಂದಿಗೆ ಕೂಡಿಸಬಾರದು. ಮೋತಿಬಿಂದು ಬರುವುದು ಒಳಗಿನ ಮಸೂರಕ್ಕೆ. ಕಾರ್ನಿಯಾ ಎಲ್ಲಕ್ಕಿಂತ ಮುಂದಿರುವ ಕಿಟಕಿ. ಬೆಳಕನ್ನು ಬಾಗಿಸುವ ಕೆಲಸದ ಮೂರರಲ್ಲಿ ಎರಡು ಪಾಲನ್ನು ಅದೇ ಮಾಡುತ್ತದೆ. ಹೀಗಾಗಿ ಅದರ ಆಕಾರ ಕೂದಲೆಳೆಯಷ್ಟು ಕೆಟ್ಟರೂ ನೋಟ ಕೆಡುತ್ತದೆ.

ಇಷ್ಟು ದೊಡ್ಡ ಕೆಲಸ ಮಾಡುವ ಕಾರ್ನಿಯಾ ನಡುವೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪ. ಬಿಳಿಗುಡ್ಡೆ ಹಿಂಭಾಗದಲ್ಲಿ ಸುಮಾರು ಒಂದು ಮಿಲಿಮೀಟರ್, ಸ್ನಾಯುಗಳು ಕೂಡುವಲ್ಲಿ ಅದರ ಮೂರರಲ್ಲಿ ಒಂದು ಪಾಲು. ನಮ್ಮ ದೇಗಾಂವದ ಕಮಲನಾರಾಯಣ ಗುಡಿಯ ಕಲ್ಲಿನ ಗೋಡೆ 12ನೆಯ ಶತಮಾನದಿಂದ ನಿಂತಿದೆ. ಅದರ ಕೆಲಸ ಮೇಲಿನ ಭಾರ ಹೊರುವುದು. ಕಣ್ಣಿನ ಗೋಡೆಯ ಕೆಲಸ ಬೇರೆ. ಅದು ಹೊರುವುದಿಲ್ಲ, ಹಿಡಿದಿಡುತ್ತದೆ, ಸೈಕಲ್ಲಿನ ಟ್ಯೂಬಿನ ಹಾಗೆ. ಒಳಗಿನ ಒತ್ತಡ ಹೊರಕ್ಕೆ ತಳ್ಳುತ್ತದೆ, ಗೋಡೆ ಒಳಕ್ಕೆ ಬಿಗಿಯುತ್ತದೆ. ಎರಡೂ ಸಮನಾಗಿದ್ದರೆ ಕಣ್ಣು ಗುಂಡಗೆ ಇರುತ್ತದೆ. ಒತ್ತಡವೂ ಬಹಳವೇನಲ್ಲ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ, ಅಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು ನೂರರಲ್ಲಿ ಒಂದು ಪಾಲು. ಆದರೆ ಅದು ಹಗಲೂ ರಾತ್ರಿ, ಹುಟ್ಟಿದಾಗಿನಿಂದ ಸಾಯುವವರೆಗೆ ಬಿಡದೆ ಒತ್ತುತ್ತಿರುತ್ತದೆ.

ಗೋಡೆಗೆ ಬಿಗುವು ಬರುವುದು ಕೊಲಾಜೆನ್ ಎಂಬ ಎಳೆಗಳಿಂದ. ಹಿಂದೆ ಮನೆಮನೆಯಲ್ಲಿದ್ದ ನವಾರಿನ ಮಂಚವನ್ನು ನೆನಪಿಸಿಕೊಳ್ಳಿ. ಪಟ್ಟಿಗಳನ್ನು ಅಡ್ಡ ಉದ್ದ ಹೆಣೆದು ಬಿಗಿದಿರುತ್ತಾರೆ. ಹೊಸದಿದ್ದಾಗ ಮಲಗಿದರೂ ಜಗ್ಗುವುದಿಲ್ಲ. ನವಾರು ಸಡಿಲಾದಾಗ ಮಂಚವೆಲ್ಲ ಒಟ್ಟಿಗೆ ಜಗ್ಗುವುದಿಲ್ಲ, ಒಂದು ಕಡೆ ಗುಂಡಿ ಬೀಳುತ್ತದೆ. ಭಾರವೆಲ್ಲ ಆ ಗುಂಡಿಗೇ ಬಂದು, ಅಲ್ಲಿಯೇ ಇನ್ನಷ್ಟು ಜಗ್ಗುತ್ತದೆ. ಕಾರ್ನಿಯಾದಲ್ಲಿಯೂ ಹೀಗೆಯೇ ಆಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಒತ್ತಡ ಒಳಗಿನಿಂದ ಇರುವುದರಿಂದ ಗುಂಡಿಯ ಬದಲು ಉಬ್ಬು ಬರುತ್ತದೆ.

ಬೆರಳಿನಿಂದ ಗಾಳಿಯವರೆಗೆ

ರೊಟ್ಟಿ ಹಿಟ್ಟು ಹದವಾಯಿತೋ ಇಲ್ಲವೋ ಎಂದು ತಾಯಂದಿರು ಬೆರಳಿನಿಂದ ಒತ್ತಿ ನೋಡುವಂತೆ, ಹಿಂದಿನ ವೈದ್ಯರೂ ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಕಣ್ಣು ಒತ್ತಿ ನೋಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ವಿಲಿಯಂ ಬೌಮನ್ ಅವರು ಇದನ್ನು ಪ್ರತಿಯೊಬ್ಬ ರೋಗಿಗೂ ಮಾಡಬೇಕೆಂದು ಹೇಳಿದರು. ಕಣ್ಣು ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೆರಳಿಗೆ ತಿಳಿಯುತ್ತದೆ. ಆದರೆ ಒತ್ತಡ 18 ಇದೆಯೋ 26 ಇದೆಯೋ ಎಂಬುದು ಎಂಥ ಅನುಭವಸ್ಥನ ಬೆರಳಿಗೂ ತಿಳಿಯುವುದಿಲ್ಲ.

1905ರಲ್ಲಿ ನಾರ್ವೆ ದೇಶದ ಹ್ಯಾಲ್ಮರ್ ಶಿಯೋಟ್ಜ್ ಎಂಬ ನೇತ್ರ ವೈದ್ಯರು ಒಂದು ಚಿಕ್ಕ ಉಪಕರಣ ಮಾಡಿದರು. ಹಳೆಯ ರೋಗಿಗಳಲ್ಲಿ ಕೆಲವರು ಅದನ್ನು ಕಂಡಿರಬಹುದು. ಮಲಗಿಸಿ, ಮರಗಟ್ಟುವ ಹನಿ ಹಾಕಿ, ಕಣ್ಣಿನ ಮೇಲೆ ನಿಲ್ಲಿಸುತ್ತಿದ್ದ ಮುಳ್ಳಿನ ತಕ್ಕಡಿಯಂಥ ಸಾಮಾನು ಅದು. ಅದರ ನಡುವಿನ ಸಣ್ಣ ಕಡ್ಡಿ 5.5 ಗ್ರಾಂ ತೂಕದಿಂದ ಕಾರ್ನಿಯಾವನ್ನು ಒತ್ತುತ್ತದೆ. ಕಡ್ಡಿ ಆಳಕ್ಕೆ ಇಳಿದರೆ ಒತ್ತಡ ಕಡಿಮೆ, ಇಳಿಯದಿದ್ದರೆ ಹೆಚ್ಚು. ಸುಲಭ, ಅಗ್ಗ, ವಿದ್ಯುತ್ತೂ ಬೇಡ.

ಆದರೆ ಇಲ್ಲೊಂದು ಮೋಸವಿದೆ. ತೆಳು ಬಲೂನಿಗೂ ದಪ್ಪ ರಬ್ಬರಿನ ಟ್ಯೂಬಿಗೂ ಒಂದೇ ಒತ್ತಡದ ಗಾಳಿ ತುಂಬಿ ಬೆರಳಿನಿಂದ ಒತ್ತಿ ನೋಡಿ. ಬಲೂನು ಸುಲಭವಾಗಿ ಒಳಗೆ ಹೋಗುತ್ತದೆ, ಟ್ಯೂಬು ಎದುರು ನಿಲ್ಲುತ್ತದೆ. ಒಳಗಿನ ಗಾಳಿ ಒಂದೇ, ಗೋಡೆ ಬೇರೆ. ಕಣ್ಣಿನಲ್ಲಿಯೂ ಹಾಗೆಯೇ. ಕಡ್ಡಿ ಒಳಗಿಳಿದಾಗ ಅಷ್ಟು ದ್ರವ ಬೇರೆಡೆ ಜಾಗ ಹುಡುಕಬೇಕು. ಗೋಡೆ ಹಿಗ್ಗುವಂಥದ್ದಾದರೆ ಜಾಗ ಕೊಡುತ್ತದೆ. ಬಿಗಿಯಾದದ್ದಾದರೆ ಕೊಡುವುದಿಲ್ಲ, ಒತ್ತಡ ಏರಿ ಕಡ್ಡಿಯನ್ನು ತಡೆಯುತ್ತದೆ. ದೂರದೃಷ್ಟಿ ಬಹಳ ಕಡಿಮೆಯಿದ್ದು ದೊಡ್ಡ ಮೈನಸ್ ನಂಬರಿನ ಚಷ್ಮಾ ಹಾಕುವವರ ಕಣ್ಣುಗುಡ್ಡೆ ಉದ್ದವಾಗಿ, ಗೋಡೆ ಹಿಗ್ಗಿ ಮೆತ್ತಗಾಗಿರುತ್ತದೆ. ಅಂಥವರಿಗೆ ಈ ಉಪಕರಣ ಇದ್ದದ್ದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಗ್ಲಾಕೋಮಾ ಇದ್ದವರಿಗೂ “ನಿಮಗೇನೂ ಇಲ್ಲ” ಎಂದು ಹೇಳಿ ಕಳಿಸುವ ಅಪಾಯ ಇದ್ದದ್ದು ಇಲ್ಲಿಯೇ.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಬಾಲ್ಟಿಮೋರಿನ ಜೋನಸ್ ಫ್ರೀಡನ್‌ವಾಲ್ಡ್. ಅವರ ಉಪಾಯ ನಮ್ಮ ಹಳ್ಳಿಯ ಯಾರಿಗೂ ಅರ್ಥವಾಗುವಂಥದ್ದು. ಒಂದೇ ಕಣ್ಣನ್ನು ಒಂದು ತೂಕದಿಂದ ಒಮ್ಮೆ ಒತ್ತಿ, ಇನ್ನೂ ಭಾರದ ತೂಕದಿಂದ ಇನ್ನೊಮ್ಮೆ ಒತ್ತಿ. ಒಳಗಿನ ಒತ್ತಡ ಎರಡೂ ಸಲ ಅದೇ ಇತ್ತು. ಎರಡು ಅಳತೆಗಳು ಒಂದಕ್ಕೊಂದು ಹೊಂದದಿದ್ದರೆ ಆ ವ್ಯತ್ಯಾಸ ಗೋಡೆಯದ್ದು. ಹೀಗೆ 1937ರಲ್ಲಿ ಅವರು ಕಣ್ಣಿನ ಗೋಡೆಯ ಬಿಗುವಿಗೆ ಒಂದು ಅಂಕಿಯನ್ನು ಕೊಟ್ಟರು. ಬದುಕಿರುವ ಮನುಷ್ಯನ ಕಣ್ಣನ್ನು ಕೊಯ್ಯದೆ, ಜಗ್ಗದೆ, ಅದರ ಗೋಡೆ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕುವ ದಾರಿ ಹೀಗೆ ತೆರೆಯಿತು.

1950ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಹಾನ್ಸ್ ಗೋಲ್ಡ್‌ಮನ್ ಅವರು ಇನ್ನೊಂದು ದಾರಿ ಹಿಡಿದರು. ಗೋಡೆಯನ್ನು ಅಳೆಯುವುದರ ಬದಲು ಅದರ ಕಾಟವನ್ನೇ ತಪ್ಪಿಸುವುದು. ಕಾರ್ನಿಯಾವನ್ನು ಆಳಕ್ಕೆ ಒತ್ತದೆ 3.06 ಮಿಲಿಮೀಟರ್ ಅಗಲದ ಜಾಗವನ್ನು ಮಾತ್ರ ಚಪ್ಪಟೆ ಮಾಡುವುದು. ಅಷ್ಟೇ ಅಗಲದಲ್ಲಿ ಕಾರ್ನಿಯಾದ ಬಿಗುವು ಹೊರಗೆ ತಳ್ಳುವುದಕ್ಕೂ ಕಣ್ಣೀರಿನ ಅಂಟು ಒಳಗೆ ಎಳೆಯುವುದಕ್ಕೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ, ಕಣ್ಣಿಗೆ ತಾಗಿಸಿ ನೋಡುವ ಪರೀಕ್ಷೆ ಇದೇ. ಇಂದಿಗೂ ಗ್ಲಾಕೋಮಾ ತಪಾಸಣೆಯಲ್ಲಿ ಇದಕ್ಕೇ ಹೆಚ್ಚಿನ ಬೆಲೆ. ಆದರೆ ಈ ಲೆಕ್ಕ ಹಾಕುವಾಗ ಕಾರ್ನಿಯಾ ಸಾಧಾರಣ ದಪ್ಪದ್ದು, ಸಾಧಾರಣ ಬಿಗುವಿನದ್ದು ಎಂದು ಮೊದಲೇ ಹಿಡಿದಿರುತ್ತಾರೆ. ತೆಳು ಕಾರ್ನಿಯಾದವರಿಗೆ ಅಂಕಿ ಕಡಿಮೆ ಬರುತ್ತದೆ, ದಪ್ಪ ಇದ್ದವರಿಗೆ ಹೆಚ್ಚು. ಅದಕ್ಕೇ ಒತ್ತಡ ನೋಡಿದ ಮೇಲೆ ಕೆಲವರಿಗೆ ಕಾರ್ನಿಯಾದ ದಪ್ಪವನ್ನೂ ಅಳೆಸಿಕೊಂಡು ಬರಲು ಹೇಳುತ್ತೇವೆ. “ಮತ್ತೊಂದು ಟೆಸ್ಟ್ ಯಾಕ್ರಿ, ರೊಕ್ಕ ಹೋಗಾಕ?” ಎಂದು ಸಿಟ್ಟಾಗಬೇಡಿ.

ಗಾಳಿಯ ಪರೀಕ್ಷೆ 1972ರಲ್ಲಿ ಬಂತು. ಬರ್ನಾರ್ಡ್ ಗ್ರೋಲ್ಮನ್ ಎಂಬವರು ರೂಪಿಸಿದ ಯಂತ್ರ, ಏನನ್ನೂ ತಾಗಿಸದೆ ಗಾಳಿಯ ಒಂದು ಸಣ್ಣ ಹೊಡೆತದಿಂದಲೇ ಕಾರ್ನಿಯಾವನ್ನು ಚಪ್ಪಟೆ ಮಾಡಿತು. ಮರಗಟ್ಟುವ ಹನಿ ಬೇಡ, ಒಬ್ಬರ ಸೋಂಕು ಇನ್ನೊಬ್ಬರಿಗೆ ತಗಲುವ ಭಯ ಕಡಿಮೆ.

ಗಾಳಿ ಹೊಡೆದಾಗ ಕಣ್ಣು ಏನು ಮಾಡುತ್ತದೆ?

ಕಾರ್ನಿಯಾ ಗಾಳಿ ತಾಗಿದೊಡನೆ ಚಪ್ಪಟೆಯಾಗಿ, ಇನ್ನೂ ಒಳಗೆ ಹೋಗಿ ತಟ್ಟೆಯಂತೆ ತಗ್ಗಾಗಿ, ಮತ್ತೆ ಚಪ್ಪಟೆಯಾಗಿ, ಮೊದಲಿನ ಆಕಾರಕ್ಕೆ ಬರುತ್ತದೆ. ಇದೆಲ್ಲ ನಡೆಯುವುದು ಒಂದು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿನಲ್ಲಿ. ನಿಮಗೆ ಕಣ್ಣು ಮಿಟುಕಿಸಲೂ ಪುರಸೊತ್ತು ಸಿಗುವುದಿಲ್ಲ.

ಹೋಗುವಾಗ ಚಪ್ಪಟೆಯಾದ ಗಳಿಗೆಯ ಗಾಳಿಯ ಬಲ ಮತ್ತು ಬರುವಾಗ ಚಪ್ಪಟೆಯಾದ ಗಳಿಗೆಯ ಬಲ ಒಂದೇ ಆಗಿರುವುದಿಲ್ಲ. ಹೊಡೆತದ ಸ್ವಲ್ಪ ಶಕ್ತಿಯನ್ನು ಕಾರ್ನಿಯಾ ನುಂಗಿಕೊಳ್ಳುತ್ತದೆ, ಮೋಟಾರು ಗಾಡಿಯ ಶಾಕ್ ಅಬ್ಸಾರ್ಬರ್ ತಗ್ಗುದಿಣ್ಣೆಯ ಹೊಡೆತವನ್ನು ನುಂಗುವಂತೆ. ಈ ವ್ಯತ್ಯಾಸವನ್ನು ಅಳೆಯುವ ಯಂತ್ರದ ವಿವರ 2005ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಲ್ಲಿ ಈ ಅಂಕಿ ಸುಮಾರು 10ರ ಆಸುಪಾಸು. ಕಡಿಮೆಯಿದ್ದರೆ ಗೋಡೆ ದುರ್ಬಲವಿರಬಹುದು; ಗ್ಲಾಕೋಮಾ ಇರುವವರಲ್ಲಿ ಕಡಿಮೆಯಿದ್ದರೆ ರೋಗ ಬೇಗ ಮುಂದುವರಿಯುವ ಸಂಭವ ಹೆಚ್ಚು.

ಇದಾದ ಮೇಲೆ ಜರ್ಮನಿಯಿಂದ ಕಾರ್ವಿಸ್ ಎಂಬ ಯಂತ್ರ ಬಂತು. ಅದರ ಕ್ಯಾಮೆರಾ ಸೆಕೆಂಡಿಗೆ 4,000ಕ್ಕೂ ಮಿಕ್ಕಿ ಚಿತ್ರ ತೆಗೆಯಬಲ್ಲದು. ಒಂದು ಗಾಳಿಯ ಹೊಡೆತದಲ್ಲಿ 140 ಚಿತ್ರ. ಕಾರ್ನಿಯಾ ಎಷ್ಟು ಆಳಕ್ಕೆ ಹೋಯಿತು, ಎಷ್ಟು ವೇಗವಾಗಿ ಹೋಯಿತು, ಎಷ್ಟು ಅಗಲಕ್ಕೆ ಬಾಗಿತು ಎಂಬುದೆಲ್ಲ ಅದರಲ್ಲಿ ಸೆರೆಯಾಗುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಆಳ ಸುಮಾರು ಒಂದು ಮಿಲಿಮೀಟರ್. ಮೆತ್ತಗಿನ ಕಾರ್ನಿಯಾ ಇನ್ನೂ ಆಳಕ್ಕೆ, ಮೊನಚಾಗಿ ಹೋಗುತ್ತದೆ. ಇಂಥ ಯಂತ್ರಗಳಿರುವುದು ದೊಡ್ಡ ನೇತ್ರಾಲಯಗಳಲ್ಲಿ, ನಮ್ಮಲ್ಲಿಲ್ಲ. ಬೇಕಾದವರಿಗೆ ಚೀಟಿ ಬರೆದು ಕಳಿಸುತ್ತೇವೆ.

ಈ ಚಿತ್ರಗಳನ್ನು ಓದುವ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯವನ್ನು ನೀವು ಬಲ್ಲಿರಿ; 1982ರಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರು (ಅವರು 2023ರಲ್ಲಿ ನಿಧನರಾದರು) ಸ್ಥಾಪಿಸಿದ, ರಾಜಕುಮಾರ್ ಕುಟುಂಬದವರ ನೇತ್ರದಾನದಿಂದ ಮನೆಮಾತಾದ ಸಂಸ್ಥೆ. ಅಲ್ಲಿಯ ಡಾ. ರೋಹಿತ್ ಶೆಟ್ಟಿ ಮತ್ತು ಡಾ. ಅಭಿಜಿತ್ ಸಿನ್ಹಾ ರಾಯ್ ಹಾಗೂ ಸಂಗಡಿಗರು ಗಾಳಿ ಹೊಡೆದಾಗಿನ ಕಾರ್ನಿಯಾದ ಚಲನೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಗಾಳಿ ತಾಗಿದಾಗ ಕಾರ್ನಿಯಾ ಮಾತ್ರ ಒಳಗೆ ಹೋಗುವುದಿಲ್ಲ, ಇಡೀ ಕಣ್ಣುಗುಡ್ಡೆಯೇ ತನ್ನ ಹಿಂದಿನ ಕೊಬ್ಬಿನ ಮೆತ್ತೆಯ ಮೇಲೆ ಹಿಂದೆ ಸರಿಯುತ್ತದೆ. ಈ ಎರಡು ಚಲನೆಗಳನ್ನು ಬೇರ್ಪಡಿಸದಿದ್ದರೆ ಬಿಗುವಿನ ಲೆಕ್ಕ ತಪ್ಪುತ್ತದೆ. ಅವುಗಳನ್ನು ಗಣಿತದಿಂದ ಬೇರೆ ಮಾಡಿ, ಆರೋಗ್ಯವಂತ ಕಣ್ಣು, ಸಂಶಯದ ಕಣ್ಣು, ರೋಗದ ಕಣ್ಣು ಎಂದು ಗುರುತಿಸುವ ಕೆಲಸ ಅವರದ್ದು.

ಬೆಳಕಿನಿಂದಲೇ ಬಿಗುವು ಅಳೆಯುವ ಇನ್ನೊಂದು ವಿಧಾನವೂ ಇದೆ. ಬ್ರಿಲುವಾನ್ ಚದುರುವಿಕೆ ಎಂಬುದು ಅದರ ತಳಹದಿ; ನಮ್ಮ ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಬೆಳಕಿನ ಚದುರುವಿಕೆಗೆ ಇದು ನೆಂಟನಿದ್ದಂತೆ. ಕಾರ್ನಿಯಾದ ಯಾವ ಭಾಗ ಮೆತ್ತಗಾಗಿದೆ ಎಂದು ಗಾಳಿಯೂ ಇಲ್ಲದೆ, ತಾಗಿಸದೆ ತೋರಿಸಬಲ್ಲದು. ಆದರೆ ಅದು ಹಳ್ಳಿಯ ರೋಗಿಯವರೆಗೆ ಬರಲು ಕಾಲ ಬೇಕು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇಷ್ಟೆಲ್ಲ ಯಂತ್ರ ಬಂದರೂ ಒತ್ತಡ ಮತ್ತು ಬಿಗುವನ್ನು ಪೂರ್ತಿಯಾಗಿ ಬೇರೆ ಬೇರೆ ಮಾಡಿ ತೋರಿಸುವ ಯಂತ್ರ ಇನ್ನೂ ಇಲ್ಲ. ಆದ್ದರಿಂದ ಒಂದೇ ಅಂಕಿಯನ್ನು ಹಿಡಿದು “ನನಗ 22 ಬಂದೈತಿ, ಕಣ್ಣ ಹೋತು” ಎಂದು ಅಂಜುವುದೂ ಬೇಡ, “14 ಐತಿ, ಏನೂ ಇಲ್ಲ” ಎಂದು ನಿಶ್ಚಿಂತೆಯಿಂದ ಇರುವುದೂ ಬೇಡ. ಒತ್ತಡ, ಕಾರ್ನಿಯಾದ ದಪ್ಪ, ಹಿಂದಿನ ನರದ ಸ್ಥಿತಿ ಮೂರನ್ನೂ ಕೂಡಿಸಿ ನೋಡಬೇಕು.

ಚಷ್ಮಾ ನಂಬರು ಪದೇ ಪದೇ ಬದಲಾಗುವ ಹುಡುಗರು

ನಮ್ಮ ಕಡೆ ಕಣ್ಣಿನ ರೋಗ ಎಂದರೆ ಮೋತಿಬಿಂದು ಎಂದೇ ಜನರ ತಿಳುವಳಿಕೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಮುಪ್ಪಿನವರ ಕಣ್ಣು ತೆರೆಸಿದ್ದನ್ನು ನೋಡಿದ ತಲೆಮಾರು ನಮ್ಮದು. ಅದರಿಂದ ಒಂದು ಭಾವನೆ ಬೆಳೆದಿದೆ: ಕಣ್ಣು ಕೆಡುವುದು ಅರವತ್ತು ದಾಟಿದ ಮೇಲೆ ಎಂದು. ಕೆರಟೋಕೋನಸ್ ಎಂಬ ರೋಗ ಇದಕ್ಕೆ ತದ್ವಿರುದ್ಧ. ಹನ್ನೆರಡು ಹದಿನಾಲ್ಕನೆಯ ವಯಸ್ಸಿಗೆ ಶುರುವಾಗಿ ಇಪ್ಪತ್ತೈದರವರೆಗೆ ಜೋರು ಮಾಡುತ್ತದೆ. ಕಾರ್ನಿಯಾದ ಗೋಡೆ ಒಂದು ಕಡೆ ಸಡಿಲಾಗಿ, ತೆಳುವಾಗಿ, ದಿನೇ ದಿನೇ ಶಂಕುವಿನಂತೆ ಮುಂದೆ ಚಾಚುತ್ತದೆ. ನೋವಿಲ್ಲ, ಕೆಂಪಿಲ್ಲ. ತಾಯಿ ಬಂದು ಹೇಳುವುದು ಇಷ್ಟೇ: “ಈ ಹುಡುಗನ ಚಷ್ಮಾ ನಂಬರು ವರ್ಸಕ್ಕ ಎರಡ ಸಲ ಬದ್ಲಾಗಾಕತ್ತೈತ್ರಿ. ಹೊಸಾದು ಮಾಡಿಸಿದ್ರೂ ಬೋರ್ಡ ಕಾಣೂದಿಲ್ಲ ಅಂತಾನ.” ಹುಡುಗನನ್ನು ಕೇಳಿದರೆ, ದೀಪಕ್ಕೆ ಬಾಲ ಬಂದಂತೆ ಕಾಣುತ್ತದೆ, ಚಂದ್ರ ಎರಡು ಮೂರು ಕಾಣುತ್ತಾನೆ ಎನ್ನುತ್ತಾನೆ. ಮನೆಯವರು ಓದಲು ಮನಸ್ಸಿಲ್ಲದ ನೆಪ ಎಂದುಕೊಂಡಿರುತ್ತಾರೆ. ಎರಡು ವರ್ಷ ಹೀಗೆಯೇ ಕಳೆದಿರುತ್ತದೆ. ಮಾತನಾಡುತ್ತಿರುವಾಗಲೇ ಹುಡುಗ ಮುಷ್ಟಿ ಕಟ್ಟಿ, ಬೆರಳಿನ ಗೆಣ್ಣಿನಿಂದ ಕಣ್ಣನ್ನು ಗಸಗಸ ಉಜ್ಜುತ್ತಿರುತ್ತಾನೆ.

ರೋಗದ ಅರ್ಧ ಕಥೆ ಆ ಉಜ್ಜುವಿಕೆಯಲ್ಲಿದೆ. ಜೋರಾಗಿ ಉಜ್ಜುವಾಗ ಕಣ್ಣಿನ ಒಳಗಿನ ಒತ್ತಡ ಆ ಗಳಿಗೆಗೆ ಹಲವು ಪಟ್ಟು ಏರುತ್ತದೆ, ಮೇಲಿನಿಂದ ಗೆಣ್ಣು ಒತ್ತುತ್ತದೆ, ನಡುವೆ ಸಿಕ್ಕಿದ ಕಾರ್ನಿಯಾದ ಎಳೆಗಳು ಸರಿದಾಡುತ್ತವೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ. ಬೇಸಿಗೆ ಬಂತೆಂದರೆ ಐದರಿಂದ ಹದಿನೈದು ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಕಣ್ಣು ತುರಿಸುವ ಅಲರ್ಜಿ ಹೆಚ್ಚು. ರಾಶಿಯ ದಿನಗಳ ಹೊಟ್ಟು, ರಸ್ತೆಯ ಧೂಳು ಅದಕ್ಕೆ ಎಣ್ಣೆ ಸುರಿಯುತ್ತವೆ. ತುರಿಕೆ ಇದ್ದಲ್ಲಿ ಉಜ್ಜುವುದು ಸಹಜ. ಮಗುವನ್ನು ಬೈದರೆ ನಿಲ್ಲುವುದಿಲ್ಲ. ತುರಿಕೆಗೇ ಔಷಧ ಕೊಡಬೇಕು.

ಇನ್ನುಳಿದ ಅರ್ಧ ಕಥೆ ಹುಟ್ಟಿನಿಂದ ಬಂದದ್ದು. ಮೇಲೆ ಹೇಳಿದ ಬೆಂಗಳೂರಿನ ತಂಡದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ರೋಗಿಗಳ ಕಾರ್ನಿಯಾದ ಮೇಲ್ಪದರದಲ್ಲಿ ಲೈಸಿಲ್ ಆಕ್ಸಿಡೇಸ್ ಎಂಬ ಪದಾರ್ಥ ಕಡಿಮೆಯಿರುವುದನ್ನು ಕಂಡರು. ರೋಗ ಹೆಚ್ಚಿದ್ದವರಲ್ಲಿ ಇನ್ನೂ ಕಡಿಮೆ. ಕೊಲಾಜೆನ್ ಎಳೆಗಳ ನಡುವೆ ಅಡ್ಡ ಕಟ್ಟು ಹಾಕುವುದೇ ಈ ಪದಾರ್ಥದ ಕೆಲಸ. ಕಟ್ಟು ಸಡಿಲವಿದ್ದ ಮಂಚದ ಮೇಲೆ ಹುಡುಗರು ಕುಣಿದಂತೆ, ಮೊದಲೇ ದುರ್ಬಲವಾದ ಗೋಡೆಯನ್ನು ಉಜ್ಜುವಿಕೆ ಇನ್ನಷ್ಟು ಕೆಡಿಸುತ್ತದೆ.

ಇದು ಅಪರೂಪದ ರೋಗ ಎಂದು ಪಾಶ್ಚಾತ್ಯ ಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ಒಂದು ಹಳೆಯ ಲೆಕ್ಕದಲ್ಲಿ ಎರಡು ಸಾವಿರ ಜನಕ್ಕೆ ಒಬ್ಬರು. ಆದರೆ ನಾಗಪುರದ ಹತ್ತಿರದ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೂವತ್ತು ದಾಟಿದವರಲ್ಲಿ ನೂರಕ್ಕೆ 2.3 ಮಂದಿಯ ಕಾರ್ನಿಯಾ ಅತಿಯಾಗಿ ಉಬ್ಬಿದ್ದು ಕಂಡುಬಂತು. ಎರಡೂ ಕಡೆ ರೋಗವನ್ನು ಗುರುತಿಸಿದ ರೀತಿ ಬೇರೆಯಾದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಗುಣಿಸುವುದು ಸರಿಯಲ್ಲ. ಆದರೂ ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವಲ್ಲ ಎಂಬುದಂತೂ ಖಚಿತ.

ಸಡಿಲಾದ ಗೋಡೆಯನ್ನು ಬಿಗಿಯುವುದು

ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಈ ರೋಗಕ್ಕೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೊಡುವುದು, ಕೊನೆಗೆ ಕಾರ್ನಿಯಾ ಬದಲಿಸುವುದು, ಇವೆರಡೇ ದಾರಿ ಇದ್ದವು. ರೋಗ ಮುಂದುವರಿಯುವುದನ್ನು ತಡೆಯಲು ಏನೂ ಇರಲಿಲ್ಲ. ಜರ್ಮನಿಯ ಡ್ರೆಸ್ಡನ್ ನಗರದ ವೈದ್ಯರು ಒಂದು ಯೋಚನೆ ಮಾಡಿದರು. ವಯಸ್ಸಾದಂತೆ ಎಲ್ಲರ ಕಾರ್ನಿಯಾವೂ ತಾನಾಗಿ ಬಿಗಿಯಾಗುತ್ತದೆ, ಅದಕ್ಕೇ ನಲವತ್ತರ ಹೊತ್ತಿಗೆ ಈ ರೋಗ ಸಾಮಾನ್ಯವಾಗಿ ನಿಲ್ಲುತ್ತದೆ. ಆ ಬಿಗುವನ್ನು ಇಪ್ಪತ್ತು ವರ್ಷ ಮುಂಚೆಯೇ ತಂದುಕೊಟ್ಟರೆ? 2003ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಕಾರ್ನಿಯಾದ ಮೇಲಿನ ತೆಳು ಪದರ ತೆಗೆದು, ರೈಬೋಫ್ಲೇವಿನ್ ಎಂಬ ಹಳದಿ ಹನಿಯನ್ನು ಹಾಕಿ, ಅರ್ಧ ತಾಸು ನೇರಳಾತೀತ ಬೆಳಕು ಬಿಡುತ್ತಾರೆ. ರೈಬೋಫ್ಲೇವಿನ್ ಎಂದರೆ ಹಾಲಿನಲ್ಲಿಯೂ ಇರುವ ಬಿ-2 ಜೀವಸತ್ವ. ಬೆಳಕು ಬಿದ್ದಾಗ ಅದು ಕೊಲಾಜೆನ್ ಎಳೆಗಳ ನಡುವೆ ಹೊಸ ಅಡ್ಡ ಕಟ್ಟುಗಳನ್ನು ಹಾಕಿಸುತ್ತದೆ. ಪ್ರಯೋಗಾಲಯದಲ್ಲಿ ಹೀಗೆ ಮಾಡಿದ ಕಾರ್ನಿಯಾವನ್ನು ಜಗ್ಗಿ ಅಳೆದಾಗ ಬಿಗುವು ಹಲವು ಪಟ್ಟು ಹೆಚ್ಚಿದ್ದು ಕಂಡಿತು. ಇದಕ್ಕೆ ಕ್ರಾಸ್ ಲಿಂಕಿಂಗ್ ಎಂದು ಹೆಸರು. ಈಗ ನಮ್ಮ ರಾಜ್ಯದ ದೊಡ್ಡ ನೇತ್ರಾಲಯಗಳಲ್ಲಿ ಲಭ್ಯ.

ಆದರೆ ಒಂದು ತಪ್ಪು ತಿಳುವಳಿಕೆ ಬೇಡ. ಇದು ಜಗ್ಗಿದ ಮಂಚವನ್ನು ಅಲ್ಲಿಗೇ ನಿಲ್ಲಿಸುತ್ತದೆ, ಹೊಸ ಮಂಚ ಮಾಡುವುದಿಲ್ಲ. ಚಷ್ಮಾ ಅಥವಾ ಲೆನ್ಸ್ ಆಮೇಲೆಯೂ ಬೇಕಾಗುತ್ತದೆ. “ಆಪರೇಷನ್ ಮಾಡಿಸಿದ್ವಿ, ನಂಬರು ಹೋಗಲಿಲ್ಲ” ಎಂದು ಬೇಸರಪಡುವವರಿದ್ದಾರೆ. ನಂಬರು ಇನ್ನೂ ಏರಲಿಲ್ಲ ಎಂಬುದೇ ಇಲ್ಲಿಯ ಲಾಭ. ಹಾಗೆಯೇ ಕಾರ್ನಿಯಾ ತೀರಾ ತೆಳುವಾಗಿದ್ದರೆ ಈ ಬೆಳಕು ಒಳಗಿನ ಪದರಕ್ಕೆ ಹಾನಿ ಮಾಡಬಹುದು. ಆಗ ಇದನ್ನು ಮಾಡಲು ಹಿಂಜರಿಯುತ್ತಾರೆ. ಹೀಗಾಗಿ ತಡ ಮಾಡಿದವರಿಗೆ ಉಳಿಯುವುದು ದಾನಿಗಳ ಕಾರ್ನಿಯಾ ಮಾತ್ರ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ಜೋಡಿಸಿದ್ದು ಎಲ್ಲರಿಗೂ ಗೊತ್ತು. ಅಂಥ ಕೈಚಳಕ ಇದ್ದರೂ ಕಾಯುವವರ ಸಾಲು ದೊಡ್ಡದು.

ಇನ್ನು ಚಷ್ಮಾ ತೆಗೆಸುವ ಲೇಸರಿನ ವಿಷಯ. ಪೊಲೀಸ್ ಭರತಿ, ಸೈನ್ಯದ ಭರತಿ ಬಂದಾಗ ಹುಡುಗರು, ಲಗ್ನ ಗೊತ್ತಾಗುವ ಮೊದಲು ಹೆಣ್ಣುಮಕ್ಕಳು ಇದನ್ನು ಮಾಡಿಸಲು ಹೊರಡುತ್ತಾರೆ. ಲೇಸರ್ ಕಾರ್ನಿಯಾವನ್ನು ಕೆತ್ತಿ ತೆಳು ಮಾಡುತ್ತದೆ. ಗಟ್ಟಿ ಕಾರ್ನಿಯಾಗೆ ಅದು ತಾಳುತ್ತದೆ. ಒಳಗೊಳಗೇ ಕೆರಟೋಕೋನಸ್ ಶುರುವಾಗಿದ್ದ ಕಾರ್ನಿಯಾಗೆ ತಾಳುವುದಿಲ್ಲ. ತಿಂಗಳು ವರ್ಷ ಕಳೆದ ಮೇಲೆ ಅದು ಉಬ್ಬಲು ತೊಡಗುತ್ತದೆ. ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ 1998ರಿಂದಲೇ ವರದಿಯಾಗಿವೆ. ಗೋಡೆಯ ಬಿಗುವು ಅಳೆಯುವ ವಿದ್ಯೆ ಇಷ್ಟು ಬೆಳೆಯಲು ಒಂದು ಮುಖ್ಯ ಕಾರಣವೇ ಇದು: ಆಕಾರ ಇನ್ನೂ ಕೆಡದಿರುವಾಗ, ನಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುವಾಗ, ದುರ್ಬಲ ಕಾರ್ನಿಯಾವನ್ನು ಹಿಡಿಯುವುದು. ಲೇಸರಿಗೆ ಹೋಗುವವರು ಕಾರ್ನಿಯಾದ ನಕ್ಷೆ ಮತ್ತು ದಪ್ಪ ನೋಡದೆ ಒಪ್ಪಲೇಬಾರದು. ಮಾಡಿಸಿಕೊಂಡವರು ಮುಂದೆ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ ಹತ್ತು ವರ್ಷದ ನಂತರವೂ ಆ ಮಾತನ್ನು ಹೇಳಬೇಕು. ತೆಳುವಾದ ಕಾರ್ನಿಯಾದಿಂದಾಗಿ ಒತ್ತಡದ ಅಂಕಿ ಕಡಿಮೆ ಬಂದು ಗ್ಲಾಕೋಮಾ ತಪ್ಪಿಹೋಗಬಹುದು. ಲಗ್ನದ ಮನೆಯಲ್ಲಿ ಮುಚ್ಚಿಟ್ಟರೂ ವೈದ್ಯರಲ್ಲಿ ಮುಚ್ಚಿಡಬೇಡಿ.

ಕೂಸಿನ ದೊಡ್ಡ ಕಣ್ಣು

ಹಸುಗೂಸಿನ ಕಣ್ಣಿನ ಗೋಡೆ ಬಹಳ ಎಳೆಯದು, ಹಿಗ್ಗುವಂಥದ್ದು. ದೊಡ್ಡವರಲ್ಲಿ ಒತ್ತಡ ಏರಿದರೆ ಗೋಡೆ ಹಿಗ್ಗುವುದಿಲ್ಲ, ಹಿಂದಿನ ನರ ಮಾತ್ರ ಸಾಯುತ್ತದೆ. ಸುಮಾರು ಮೂರು ವರ್ಷದೊಳಗಿನ ಮಕ್ಕಳಲ್ಲಿ ನರವೂ ಕೆಡುತ್ತದೆ, ಕಣ್ಣೂ ಹಿಗ್ಗಿ ದೊಡ್ಡದಾಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕಿರುವ ಗ್ರೀಕ್ ಹೆಸರಿನ ಅರ್ಥ ‘ಎತ್ತಿನ ಕಣ್ಣು’. “ಕೂಸಿನ ಕಣ್ಣ ಎಷ್ಟ ಚೆಂದ, ದೊಡ್ಡೂ ಅದಾವ” ಎಂದು ಬಂದವರೆಲ್ಲ ಹೊಗಳುತ್ತಾರೆ, ದೃಷ್ಟಿ ತಾಗಬಾರದೆಂದು ಅಜ್ಜಿ ಕಾಡಿಗೆ ಹಚ್ಚುತ್ತಾಳೆ. ಅಷ್ಟರಲ್ಲಿ ಕಣ್ಣು ಒಳಗಿಂದ ನಂದುತ್ತಿರುತ್ತದೆ. ಹುಟ್ಟಿದ ಕೂಸಿನ ಕರಿಗುಡ್ಡೆಯ ಅಗಲ ಸುಮಾರು 10 ಮಿಲಿಮೀಟರ್. ವರ್ಷ ತುಂಬುವುದರೊಳಗೆ 12 ದಾಟಿದರೆ ಸಂಶಯಪಡಬೇಕು. ನಿಮಗೆ ಅಳೆಯಲು ಆಗದು. ಆದರೆ ಕೂಸು ಬೆಳಕಿಗೆ ಮುಖ ತಿರುವುತ್ತಿದ್ದರೆ, ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದರೆ, ಸದಾ ನೀರು ಸುರಿಯುತ್ತಿದ್ದರೆ, ಕರಿಗುಡ್ಡೆ ಮಬ್ಬಾಗಿ ಕಂಡರೆ ಅದೇ ವಾರ ಕರೆದುಕೊಂಡು ಬನ್ನಿ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು, ಬೇಗ ಆದಷ್ಟೂ ಒಳ್ಳೆಯದು. ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಲಗ್ನವಾಗುವ ಮನೆತನಗಳಲ್ಲಿ ಈ ರೋಗ ಹೆಚ್ಚು ಕಾಣುತ್ತದೆ. ಮೊದಲ ಕೂಸಿಗೆ ಆಗಿದ್ದರೆ ಎರಡನೆಯದನ್ನು ಹುಟ್ಟಿದ ಕೂಡಲೇ ತೋರಿಸಬೇಕು.

ಪರೀಕ್ಷೆಗೆ ಬರುವಾಗ

ಗಾಳಿಯ ಪರೀಕ್ಷೆಗೆ ಯಾವ ತಯಾರಿಯೂ ಬೇಡ. ಊಟ ಮಾಡಿಯೇ ಬನ್ನಿ. ಉಸಿರು ಬಿಗಿ ಹಿಡಿಯಬೇಡಿ, ಕಣ್ಣು ಬಿಗಿದು ಮುಚ್ಚಬೇಡಿ. ಎರಡರಿಂದಲೂ ಅಂಕಿ ಸುಳ್ಳೇ ಏರುತ್ತದೆ. ಕುತ್ತಿಗೆಗೆ ಬಿಗಿಯಾದ ಗುಂಡಿ ಇದ್ದರೆ ಸಡಿಲಿಸಿ. ಮರಗಟ್ಟುವ ಹನಿ ಹಾಕಿಸಿಕೊಂಡವರು ಅರ್ಧ ತಾಸು ಕಣ್ಣು ಮುಟ್ಟಬಾರದು, ಉಜ್ಜಿದರೆ ಗಾಯವಾದದ್ದೂ ತಿಳಿಯುವುದಿಲ್ಲ. ಕಾರ್ನಿಯಾದ ನಕ್ಷೆಗೆ ಕಳಿಸಿದವರು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಮೆತ್ತಗಿನದ್ದನ್ನು ಕನಿಷ್ಠ ಒಂದು ವಾರ, ಗಟ್ಟಿಯದ್ದನ್ನು ಇನ್ನೂ ಹೆಚ್ಚು ದಿನ ಬಿಟ್ಟಿರಬೇಕು; ಲೆನ್ಸ್ ಒತ್ತಿ ಕಾರ್ನಿಯಾದ ಆಕಾರವನ್ನೇ ಬದಲಿಸಿರುತ್ತದೆ.

ತುರಿಕೆ ಇರುವ ಮಗುವಿಗೆ ತಣ್ಣೀರಿನಲ್ಲಿ ಅದ್ದಿದ ಶುಭ್ರ ಅರಿವೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡಿ, ಒತ್ತಬೇಡಿ. ಹರಳೆಣ್ಣೆ, ಜೇನು, ಎದೆಹಾಲು ಹಾಕಬೇಡಿ. ಔಷಧದ ಅಂಗಡಿಯಲ್ಲಿ “ತುರಕಿಗೆ ಒಂದ ಹನಿ ಕೊಡ್ರಿ” ಎಂದು ಕೇಳಿ ತಂದದ್ದನ್ನೂ ಹಾಕಬೇಡಿ. ಅವುಗಳಲ್ಲಿ ಕೆಲವು ಸ್ಟಿರಾಯ್ಡ್ ಹನಿಗಳು. ಹಾಕಿದ ದಿನವೇ ತುರಿಕೆ ಮಾಯವಾಗುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ತರುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕೆಲವು ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿ, ಗ್ಲಾಕೋಮಾ ಬಂದು, ತಿರುಗಿ ಬಾರದ ಕುರುಡು ಬರುತ್ತದೆ. ಸ್ಟಿರಾಯ್ಡ್ ಇಲ್ಲದ ಹನಿಗಳಿವೆ; ಪರೀಕ್ಷೆ ಮಾಡಿ ಬರೆದುಕೊಡುತ್ತೇವೆ.

ಮನೆಯಲ್ಲಿ ಒಬ್ಬರಿಗೆ ಕೆರಟೋಕೋನಸ್ ಎಂದು ಗೊತ್ತಾದರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಕರೆತನ್ನಿ, ಅವರಿಗೆ ನೋಟ ಸರಿಯಾಗಿಯೇ ಇದ್ದರೂ ಸರಿ. ಬರುವಾಗ ಹಳೆಯ ಚಷ್ಮಾ ಚೀಟಿಗಳು ಎಷ್ಟಿವೆಯೋ ಅಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಹರಿದಿದ್ದರೂ ಚಿಂತೆಯಿಲ್ಲ, ತಾರೀಖು ಮತ್ತು ನಂಬರು ಕಾಣಿಸಿದರೆ ಸಾಕು. ಎರಡು ಮೂರು ವರ್ಷದ ಚೀಟಿಗಳನ್ನು ಸಾಲಾಗಿ ಇಟ್ಟರೆ ಗೋಡೆ ಜಗ್ಗುತ್ತಿದೆಯೋ ನಿಂತಿದೆಯೋ ಎಂಬುದರ ಮೊದಲ ಸುಳಿವು ಅಲ್ಲಿಯೇ ಸಿಗುತ್ತದೆ.